ಚೌರಿ ಕಟ್ಟುವುದು ಈಗಿನ ಕಾಲದ ಫ್ಯಾಷನ್ನಾ?

ಪ್ರಶ್ನೆ: ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ. ಕೂದಲು ಭುಜದವರೆಗೆ ಮಾತ್ರ ಇದೆ. ಮುಂದಿನ ತಿಂಗಳು ಅವಳ ಕಾರ್ಯಕ್ರಮ, ಚೌರಿ ತರಬೇಕು ಅಂತ ಹೇಳಿದ್ದಾರೆ. ನಮ್ಮ ಅತ್ತೆ ಮಾತ್ರ ಒಪ್ಪುತ್ತಿಲ್ಲ. "ಯಾರ್ಯಾರದೋ ಕೂದಲು ತಲೆಗೆ ಕಟ್ಟುವುದು ನಮ್ಮ ಕ್ರಮ ಅಲ್ಲ, ಇದೆಲ್ಲ ಈಗಿನ ಬ್ಯೂಟಿ ಪಾರ್ಲರಿನವರು ತಂದದ್ದು" ಅಂತಾರೆ. ಅದು ನಿಜವಾ? ಹಿಂದಿನವರು ಹೀಗೆ ಕೂದಲು ಸೇರಿಸಿ ಕಟ್ಟುತ್ತಿದ್ದರಾ? ಕೊಳ್ಳುವುದಾದರೆ ನಿಜವಾದ ಕೂದಲಿನದ್ದು ಕೊಳ್ಳಬೇಕಾ, ನೈಲಾನಿನದ್ದು ಸಾಕಾ?
- ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಬ್ಯೂಟಿ ಪಾರ್ಲರ್ ಬಿಡಿ, ಪಿರಮಿಡ್ಡುಗಳನ್ನು ಕಟ್ಟುವ ಮೊದಲೇ ಜನ ಚೌರಿ ಕಟ್ಟುತ್ತಿದ್ದರು. ಈಜಿಪ್ಟಿನ ಹಿಯೆರಕಾನ್‌ಪೊಲಿಸ್ ಅನ್ನುವ ಊರಿನಲ್ಲಿ ಕ್ರಿಸ್ತಪೂರ್ವ 3400ರ ಆಸುಪಾಸಿನ ಸ್ಮಶಾನವೊಂದು ಸಿಕ್ಕಿದೆ. ರಾಜರ ಸ್ಮಶಾನವಲ್ಲ, ಸಾಮಾನ್ಯ ದುಡಿಯುವ ಜನರದ್ದು. ಅಲ್ಲಿ ಹೂತಿದ್ದ ಒಬ್ಬ ಹೆಂಗಸಿನ ತಲೆಯಲ್ಲಿ ಅವಳ ಕೂದಲಿನ ಜೊತೆ ಬೇರೆ ಕೂದಲಿನ ಎಳೆಗಳನ್ನೂ ಸೇರಿಸಿ ಕಟ್ಟಿದ್ದರು. ನಮಗೆ ಗೊತ್ತಿರುವ ಅತಿ ಹಳೆಯ ಚೌರಿ ಅದು. ಅಂದರೆ ಇವತ್ತಿಗೆ ಐದು ಸಾವಿರದ ನಾನೂರು ವರ್ಷಗಳಷ್ಟು ಹಿಂದಿನದು! ಅದೇ ಸ್ಮಶಾನದಲ್ಲಿ ಮದರಂಗಿ ಹಚ್ಚಿದ ಕೂದಲೂ ಸಿಕ್ಕಿದೆ. ಹಾಗಾಗಿ ಅತ್ತೆಯವರಿಗೆ ಧೈರ್ಯವಾಗಿ ಹೇಳಿ, ಇದು ಐದು ಸಾವಿರ ವರ್ಷಕ್ಕೂ ಹಿಂದಿನಿಂದ ನಡೆದು ಬಂದಿರುವ ವಿಷಯ.

ನಾನು ಮಂಗಳೂರು, ಉಡುಪಿ ಕಡೆ ನೃತ್ಯದ ಮಕ್ಕಳಿಗೆ, ನಾಟಕದವರಿಗೆ, ಕೆಲವೊಮ್ಮೆ ಯಕ್ಷಗಾನದ ಸ್ತ್ರೀವೇಷಕ್ಕೆ ಪ್ರಸಾಧನ ಮಾಡುವವಳು. ಚೌರಿ ಕಟ್ಟುವುದು ನನ್ನ ಕೈಕೆಲಸ. ಹಾಗಾಗಿ ಈ ಚರಿತ್ರೆ ಓದುವಾಗ ನನ್ನ ಕಣ್ಣು ರಾಣಿಯರ ಮುಖದ ಮೇಲೆ ನಿಲ್ಲುವುದಿಲ್ಲ. ಆ ಕೂದಲನ್ನು ಕಟ್ಟಿದ್ದು ಯಾರು, ಅದು ಯಾರ ತಲೆಯಿಂದ ಬಂತು, ಈ ಎರಡನ್ನೇ ಹುಡುಕುತ್ತದೆ. ಅತ್ತೆಯವರ "ಯಾರ್ಯಾರದೋ ಕೂದಲು" ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ತುಂಬ ಸರಿಯಾದ ಪ್ರಶ್ನೆ. ಕ್ರಮ ಅಲ್ಲ ಅನ್ನುವುದನ್ನು ಮಾತ್ರ ಒಪ್ಪಲು ಆಗುವುದಿಲ್ಲ.

ಮೊದಲು ಈಜಿಪ್ಟಿನ ಬಗ್ಗೆಯೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅಲ್ಲಿನ ಒಣ ಮರಳಿನಲ್ಲಿ ಕೂದಲು ಹಾಳಾಗದೆ ಉಳಿಯುತ್ತದೆ. ನಮ್ಮ ಕರಾವಳಿಯ ಮಣ್ಣು, ಮಳೆಯಲ್ಲಿ ಅದೆಲ್ಲ ಆಗುವ ಮಾತಲ್ಲ.

ಅಮರ್ನಾ ಅಂತ ಒಂದು ಊರು. ಅಖೆನಾತೆನ್ ಎಂಬ ರಾಜ ಕ್ರಿಸ್ತಪೂರ್ವ 1350ರ ಹೊತ್ತಿಗೆ ಹೊಸದಾಗಿ ಕಟ್ಟಿಸಿದ ರಾಜಧಾನಿ. ಅಲ್ಲಿನ ಸ್ಮಶಾನವನ್ನು ಅಗೆದವರಿಗೆ ಒಬ್ಬ ಹೆಂಗಸಿನ ತಲೆಬುರುಡೆ ಕೂದಲಿನ ಸಮೇತ ಸಿಕ್ಕಿತು. ಎಣಿಸಿ ನೋಡಿದರೆ ಸುಮಾರು 70 ಬೇರೆ ಬೇರೆ ತುಂಡು ಕೂದಲುಗಳನ್ನು ಸೇರಿಸಿದ್ದಾರೆ, ಅದೂ ಒಂದೇ ಕಡೆ ಅಲ್ಲ, ತಲೆಯ ಮೇಲೆ ಬೇರೆ ಬೇರೆ ಎತ್ತರದಲ್ಲಿ, ಪದರ ಪದರವಾಗಿ. ಇದು 2014ರಲ್ಲಿ ಸುದ್ದಿಯಾಗಿತ್ತು. ಎಪ್ಪತ್ತು ತುಂಡು ಸೇರಿಸುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ನಾವು ಒಂದು ಚೌರಿ ಸೇರಿಸುವುದಕ್ಕೇ ಮಗುವನ್ನು "ಅಲ್ಲಾಡಬೇಡ ಮಗಾ" ಅಂತ ಹತ್ತು ಸಲ ಹೇಳಬೇಕಾಗುತ್ತದೆ. ಇನ್ನೊಂದು ವಿಷಯ, ಸೇರಿಸಿದ ತುಂಡುಗಳ ಬಣ್ಣ ಎಲ್ಲ ಒಂದೇ ಇರಲಿಲ್ಲ. ಅಂದರೆ ಒಬ್ಬರಿಗಿಂತ ಹೆಚ್ಚು ಜನರ ಕೂದಲು ಅಲ್ಲಿತ್ತು ಅಂತ ಅರ್ಥ ಮಾಡಿಕೊಂಡಿದ್ದಾರೆ.

ದೊಡ್ಡ ಮನೆತನದವರು ಇಡೀ ವಿಗ್ ಹಾಕುತ್ತಿದ್ದರು, ನಾಟಕದವರು ಟೋಪನ್ ಅನ್ನುತ್ತಾರಲ್ಲ, ಅದು. ಒಳಗೆ ತಲೆಯನ್ನು ಬೋಳಿಸಿಯೋ ಸಣ್ಣಗೆ ಕತ್ತರಿಸಿಯೋ ಇಟ್ಟುಕೊಳ್ಳುತ್ತಿದ್ದರು. ಸೆಕೆಗೂ ಒಳ್ಳೆಯದು, ಹೇನಿನ ಕಾಟವೂ ಕಡಿಮೆ. ಪುರೋಹಿತರಂತೂ ದಿನ ಬಿಟ್ಟು ದಿನ ಮೈಯೆಲ್ಲ ಬೋಳಿಸಿಕೊಳ್ಳುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಖಾ ಎಂಬ ಅಧಿಕಾರಿ ಮತ್ತು ಅವನ ಹೆಂಡತಿ ಮೆರಿತ್ ಇವರ ಸಮಾಧಿ 1906ರಲ್ಲಿ ಸಿಕ್ಕಿತು, ಕಳ್ಳರು ಮುಟ್ಟದೆ ಬಿಟ್ಟ ಸಮಾಧಿ. ಮೆರಿತಳ ವಿಗ್ ಅದರದ್ದೇ ಪೆಟ್ಟಿಗೆಯ ಜೊತೆಗೆ ಅಲ್ಲಿತ್ತು. ಈಗ ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಿನಲ್ಲಿದೆ. ಅದರ ಫೋಟೊ ಹುಡುಕಿ ನೋಡಿ. ನಿಜವಾದ ಮನುಷ್ಯರ ಕೂದಲು, ಸಣ್ಣ ಸಣ್ಣ ಅಲೆ ಅಲೆಯಾಗಿ ಇವತ್ತಿಗೂ ಹಾಗೇ ನಿಂತಿದೆ. ಇಂಥ ವಿಗ್ಗುಗಳಲ್ಲಿ ಎಳೆಗಳು ಬಿಚ್ಚಿ ಹೋಗದ ಹಾಗೆ ಜೇನುಮೇಣವನ್ನು ಮರದ ಅಂಟಿನ ಜೊತೆ ಸೇರಿಸಿ ಹಚ್ಚುತ್ತಿದ್ದರು. ಮಮ್ಮಿಗಳ ಕೂದಲನ್ನು ಪರೀಕ್ಷೆ ಮಾಡಿದಾಗ ಕೊಬ್ಬಿನಂಥ ಒಂದು ಲೇಪವೂ ಸಿಕ್ಕಿದೆ. ನಾವು ಮುಂದಲೆಯ ಸಣ್ಣ ಕೂದಲು ಹಾರಬಾರದು ಅಂತ ಜೆಲ್ ಹಚ್ಚುತ್ತೇವಲ್ಲ, ಉದ್ದೇಶ ಅದೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೆರಿಕದ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿರುವ ಒಂದು ಕಲ್ಲಿನ ತುಂಡು. ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು, ನೆಫೆರು ಎಂಬ ರಾಣಿಯ ಸಮಾಧಿಯದ್ದು. ರಾಣಿ ಕೂತಿದ್ದಾಳೆ. ಹಿಂದೆ ನಿಂತು ಒಬ್ಬಳು ಕೂದಲು ಕಟ್ಟುತ್ತಿದ್ದಾಳೆ. ಕಲ್ಲಿನಲ್ಲಿ ರಾಣಿಯ ಹೆಸರು ಮಾತ್ರ ಅಲ್ಲ, ಕೂದಲು ಕಟ್ಟುವವಳ ಹೆಸರನ್ನೂ ಕೆತ್ತಿದ್ದಾರೆ: ಹೆನುಟ್. ರಾಜರ ಹೆಸರು ಎಷ್ಟು ಬೇಕಾದರೂ ಸಿಗುತ್ತದೆ. ಬಾಚಣಿಗೆ ಹಿಡಿದವಳ ಹೆಸರು ಸಿಗುವುದು ಅಪರೂಪ. ಅದನ್ನು ಓದಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲು ಬರುವುದಿಲ್ಲ.

ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕಿನ ಕಡೆಯ, ಉರ್ ಎಂಬ ಊರಿನಲ್ಲಿ ಇದೇ ಕೂದಲಿನ ವೈಭವ ಚಿನ್ನದಲ್ಲಿ ಸಿಕ್ಕಿದೆ. ಅಲ್ಲಿ ಪುಆಬಿ ಎಂಬ ರಾಣಿಯ ಸಮಾಧಿಯನ್ನು ಪುರಾತತ್ವಜ್ಞ ಲಿಯೊನಾರ್ಡ್ ವುಲಿ ಅಗೆದಾಗ ತಲೆಯ ಸುತ್ತ ಚಿನ್ನದ ಪಟ್ಟಿಗಳು, ಚಿನ್ನದ ಎಲೆಗಳು ಸಿಕ್ಕಿದವು. ಆ ಪಟ್ಟಿಯ ಸುತ್ತಳತೆ ಬರಿ ತಲೆಗೆ ತೀರಾ ಜಾಸ್ತಿ ಇತ್ತು. ಒಳಗೆ ತುಂಬ ದಪ್ಪದ ಕಟ್ಟುಗೂದಲು ಇದ್ದಿರಬೇಕು ಅಂತ ವುಲಿ ಲೆಕ್ಕ ಹಾಕಿದ. ಕೂದಲು ಮಣ್ಣಾಯಿತು, ಅದರ ಅಳತೆ ಚಿನ್ನದಲ್ಲಿ ಉಳಿಯಿತು. ಅಲ್ಲಿಯೇ ಸಿಕ್ಕಿದ ಒಂದು ಚಿನ್ನದ ಶಿರಸ್ತ್ರಾಣವಂತೂ ಪೂರ್ತಿ ಕೂದಲಿನ ಆಕಾರದಲ್ಲೇ ಇದೆ. ಸುತ್ತ ಜಡೆ, ಹಿಂದೆ ಪುಟ್ಟ ತುರುಬು, ಒಂದೊಂದು ಎಳೆಯನ್ನೂ ಕೆತ್ತಿದ್ದಾರೆ. ಇನ್ನು ಈಜಿಪ್ಟಿನ ರಾಜರು ಗಡ್ಡವನ್ನೂ ಕಟ್ಟಿಕೊಳ್ಳುತ್ತಿದ್ದರು. ಹತ್‌ಶೆಪ್ಸುತ್ ಹೆಂಗಸು, ಆದರೂ ರಾಜನಾಗಿ ಆಳಿದ್ದರಿಂದ ಅವಳ ಮೂರ್ತಿಗಳಲ್ಲಿ ಆ ಕಟ್ಟುಗಡ್ಡ ಇದೆ.

ಈಗ ರೋಮಿಗೆ ಬನ್ನಿ. ಅತ್ತೆಯವರ ಪ್ರಶ್ನೆಗೆ ಅಲ್ಲಿ ಕಹಿಯಾದ ಉತ್ತರ ಇದೆ. ಕ್ರಿಸ್ತಶಕ ಒಂದನೇ ಶತಮಾನದ ಕೊನೆಯ ಭಾಗದಲ್ಲಿ ರೋಮಿನ ಶ್ರೀಮಂತ ಹೆಂಗಸರು ಹಣೆಯ ಮೇಲೆ ಗುಂಗುರು ಕೂದಲನ್ನು ಗೋಡೆ ಕಟ್ಟಿದಂತೆ ಎತ್ತರಕ್ಕೆ ನಿಲ್ಲಿಸುತ್ತಿದ್ದರು. ಹೊಂಬಣ್ಣದ ಕೂದಲಿಗೆ ತುಂಬ ಬೇಡಿಕೆ ಇತ್ತು. ಬಣ್ಣ ಹಚ್ಚಿ ಹಚ್ಚಿ ತನ್ನವಳ ಕೂದಲೆಲ್ಲ ಉದುರಿ ಹೋಯಿತು, ಇನ್ನು ಸೆರೆ ಸಿಕ್ಕಿದ ಜರ್ಮನ್ ಹೆಂಗಸರ ಕೂದಲು ಅವಳ ತಲೆಗೆ ಬರುತ್ತದೆ ಅಂತ ಕವಿ ಒವಿಡ್ ಒಂದು ಪದ್ಯದಲ್ಲಿ ಬರೆದಿದ್ದಾನೆ. ಅವನು ಅದನ್ನು ತಮಾಷೆಯಾಗಿ ಬರೆದ. ನನಗೆ ಮಾತ್ರ ಅದರಲ್ಲಿ ತಮಾಷೆ ಕಾಣುವುದಿಲ್ಲ. ಯುದ್ಧದಲ್ಲಿ ಸೋತ ಹೆಂಗಸಿನ ತಲೆಯ ಕೂದಲನ್ನು ಕತ್ತರಿಸಿ ಗೆದ್ದವರ ಮನೆಯ ಹೆಂಗಸಿಗೆ ಜಡೆ ಮಾಡುವುದು! ಸಭೆಯಲ್ಲಿ ದ್ರೌಪದಿಯ ಮುಡಿಗೆ ಕೈ ಹಾಕಿದ ಪ್ರಸಂಗವನ್ನು ರಾತ್ರಿಯಿಡೀ ಕೂತು ನೋಡುವ ನಮಗೆ ಇದರ ಅರ್ಥ ಏನು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ ಕೇಳಿ, ಇದು ನಮಗೇ ಸಂಬಂಧಪಟ್ಟದ್ದು. ಎರಡನೇ ಶತಮಾನದಲ್ಲಿ ರೋಮಿನ ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ಮತ್ತು ಅವನ ಮಗ ಕೊಮೊಡಸ್ ಜೊತೆಯಾಗಿ ಆಳುತ್ತಿದ್ದಾಗ, ಪೂರ್ವದಿಂದ ಬರುವ ಯಾವ್ಯಾವ ಸರಕಿಗೆ ಸುಂಕ ಹಾಕಬೇಕು ಅಂತ ಒಂದು ಪಟ್ಟಿ ಆಯಿತು. ಅದು ರೋಮನ್ ಕಾನೂನಿನ ಸಂಗ್ರಹದಲ್ಲಿ ಉಳಿದಿದೆ. ಅದರಲ್ಲಿ ಹಿಪ್ಪಲಿ, ಬಿಳಿ ಮೆಣಸು, ದಾಲ್ಚಿನ್ನಿ, ಆನೆದಂತ, ಮುತ್ತು ಎಲ್ಲ ಇವೆ. ಜೊತೆಗೆ ಭಾರತದ ಕೂದಲು ಅಂತಲೂ ಇದೆ! ನಮ್ಮ ಈ ಪಶ್ಚಿಮ ಕರಾವಳಿಯಿಂದ ಮೆಣಸು ಹೊತ್ತ ಹಡಗುಗಳು ಹೋಗುತ್ತಿದ್ದ ಕಾಲ ಅದು. ಇಂಡಿಯನ್ ಹೇರ್ ಅಂತ ಇವತ್ತು ಲಂಡನ್, ನ್ಯೂಯಾರ್ಕಿನ ಅಂಗಡಿಗಳಲ್ಲಿ ಬೋರ್ಡು ಹಾಕುತ್ತಾರಲ್ಲ, ಅದಕ್ಕೂ ಸುಮಾರು 1,850 ವರ್ಷ ಮೊದಲಿನ ಬೋರ್ಡು ಇದು.

ರೋಮನ್ನರ ಕೂದಲಿನ ಬಗ್ಗೆ ಒಂದು ಗುಟ್ಟನ್ನು ಬಯಲು ಮಾಡಿದ್ದು ಪ್ರೊಫೆಸರ್ ಅಲ್ಲ, ಹೇರ್ ಡ್ರೆಸ್ಸರ್. ಅಮೆರಿಕದ ಬಾಲ್ಟಿಮೋರಿನ ಜಾನೆಟ್ ಸ್ಟೀಫನ್ಸ್ 2001ರಲ್ಲಿ ಅಲ್ಲಿನ ಮ್ಯೂಸಿಯಮ್ಮಿಗೆ ಹೋಗಿದ್ದಾಗ ರೋಮಿನ ರಾಣಿ ಜೂಲಿಯಾ ಡೊಮ್ನಾಳ ಮೂರ್ತಿ ನೋಡಿದರು. ಸಾಮಾನ್ಯವಾಗಿ ಇಂಥ ಮೂರ್ತಿಗಳನ್ನು ಗೋಡೆಗೆ ತಾಗಿಸಿ ಇಡುತ್ತಾರೆ. ಅಲ್ಲಿ ಹಿಂದಿನಿಂದಲೂ ನೋಡಬಹುದಿತ್ತು. ಆ ತುರುಬನ್ನು ನೋಡಿ, ಮನೆಗೆ ಬಂದು ಮಾಡಲು ಹೋದರೆ ಹೇರ್‌ಪಿನ್ನಿನಲ್ಲಿ ನಿಲ್ಲುವುದೇ ಇಲ್ಲ. ಪಂಡಿತರೆಲ್ಲ ಹೇರ್‌ಪಿನ್ ಅಂತ ತಿಳಿದುಕೊಂಡಿದ್ದದ್ದು ಕೆಲವು ಕಡೆ ಸೂಜಿ, ರೋಮನ್ನರು ಸೂಜಿ ದಾರದಿಂದ ಜಡೆಯನ್ನು ತಲೆಯ ಮೇಲೆ ಹೊಲಿಯುತ್ತಿದ್ದರು ಅಂತ ಅವರು ಮಾಡಿ ತೋರಿಸಿದರು. 2008ರಲ್ಲಿ ಅವರ ಲೇಖನ ರೋಮನ್ ಪುರಾತತ್ವದ ದೊಡ್ಡ ಪತ್ರಿಕೆಯಲ್ಲೇ ಬಂತು. ನಾನು ಓದಿ ತಲೆದೂಗಿದೆ. ಯಾಕೆಂದರೆ ನಾವು ಈಗಲೂ ಮಾಡುವುದು ಅದೇ ತರಹ. ಮಗುವಿನ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ ಕಟ್ಟುತ್ತೇವೆ. ಆ ಕಟ್ಟಿನ ಬುಡಕ್ಕೆ ಚೌರಿಯ ಕುಣಿಕೆ ಸಿಕ್ಕಿಸಿ, ಎರಡು ಕಡೆ ಅಡ್ಡ ಪಿನ್ ಚುಚ್ಚಿ, ಕಪ್ಪು ದಾರ ಸುತ್ತುತ್ತೇವೆ. ಆಮೇಲೆ ಅವಳ ಕೂದಲು ಮೂರು ಪಾಲು, ಚೌರಿಯದ್ದು ಮೂರು ಪಾಲು, ಒಂದೊಂದನ್ನು ಜೋಡಿ ಮಾಡಿ ಹೆಣೆಯುತ್ತಾ ಬರುತ್ತೇವೆ. ಸೇರಿಸಿದ ಜಾಗ ಕಾಣದ ಹಾಗೆ ಮೇಲೆ ರಾಗಟೆ, ಅದರ ಸುತ್ತ ಮಲ್ಲಿಗೆ. ಎರಡೂವರೆ ಗಂಟೆ ಕುಣಿದರೂ ಅದು ಜಾರುವುದಿಲ್ಲ. ಪಿನ್ನಿನ ಮೇಲೆ ಮಾತ್ರ ಭರವಸೆ ಇಟ್ಟರೆ ಮೊದಲ ತಟ್ಟಡವಿಗೇ, ಅಂದರೆ ಕಾಲು ತಟ್ಟುವ ಮೊದಲ ಹೆಜ್ಜೆಗಳಿಗೇ, ಸಡಿಲವಾಗುತ್ತದೆ.

ಬೇರೆ ಕಡೆಗಳದ್ದು ಚುಟುಕಾಗಿ. ಚೀನಾದಲ್ಲಿ ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ತೀರಿಕೊಂಡ ಶಿನ್ ಝುಯಿ ಎಂಬ ಸಿರಿವಂತ ಹೆಂಗಸಿನ ಸಮಾಧಿಯಲ್ಲಿ ವಿಗ್ ಸಿಕ್ಕಿದೆ. ಐರ್ಲೆಂಡಿನ ಜೌಗು ನೆಲದಲ್ಲಿ 2003ರಲ್ಲಿ ಸಿಕ್ಕಿದ ಎರಡು ಸಾವಿರ ವರ್ಷಕ್ಕೂ ಹಳೆಯ ಗಂಡಸಿನ ದೇಹವೊಂದರಲ್ಲಿ ಕೂದಲನ್ನು ಮೇಲಕ್ಕೆ ನಿಲ್ಲಿಸಲು ಹಚ್ಚಿದ ಪೈನ್ ಮರದ ಅಂಟು ಇತ್ತು. ಆ ಅಂಟು ಬಂದದ್ದು ದೂರದ ಫ್ರಾನ್ಸ್ ಅಥವಾ ಸ್ಪೇನ್ ಕಡೆಯಿಂದ. ನಮೀಬಿಯಾದ ಎಂಬಲಂಟು ಹೆಂಗಸರು ಮರದ ತೊಗಟೆಯ ಪುಡಿ, ಕೊಬ್ಬು ಹಚ್ಚಿ ಕೂದಲು ಬೆಳೆಸಿ, ಅದಕ್ಕೆ ಪ್ರಾಣಿಗಳ ನರದ ಎಳೆ ಸೇರಿಸಿ ಕಾಲಿನ ಹರಡಿನವರೆಗೆ ಜಡೆ ಇಳಿಬಿಡುತ್ತಿದ್ದರು. ಕೊರಿಯಾದಲ್ಲಂತೂ ಕಟ್ಟುಗೂದಲಿನ ಖರ್ಚು, ಭಾರ ಎರಡೂ ಮಿತಿಮೀರಿ 1756ರಲ್ಲಿ ಅಲ್ಲಿನ ರಾಜ ಅದನ್ನೇ ನಿಷೇಧಿಸಬೇಕಾಯಿತು.

ನಮ್ಮಲ್ಲಿ? ನಮ್ಮಲ್ಲಿ ಇರಲಿಲ್ಲ ಅಂತ ಅನಿಸುವುದು ಕೂದಲು ಉಳಿದಿಲ್ಲ ಅನ್ನುವ ಕಾರಣಕ್ಕೆ. ಮಣ್ಣಿನ, ಲೋಹದ, ಕಲ್ಲಿನ ಗೊಂಬೆಗಳನ್ನು ನೋಡಿ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕಿದ ಕಂಚಿನ ಹುಡುಗಿ ಇದ್ದಾಳಲ್ಲ, ಹತ್ತೂವರೆ ಸೆಂಟಿಮೀಟರಿನವಳು, ಅವಳ ತುರುಬನ್ನು ಕುತ್ತಿಗೆಯ ಹತ್ತಿರ ಇಳಿಸಿ ಕಟ್ಟಿದ್ದಾರೆ. ಋಗ್ವೇದದಲ್ಲಿ ನಾಲ್ಕು ಜಡೆಯ ಯುವತಿಯ ಮಾತು ಬರುತ್ತದೆ. ವಸಿಷ್ಠರ ಕಡೆಯವರು ಜಡೆಯನ್ನು ಬಲಗಡೆಗೆ ಕಟ್ಟುತ್ತಿದ್ದರು ಅಂತಲೂ ಇದೆ. ನಾಟ್ಯಶಾಸ್ತ್ರ ಇನ್ನೂ ಸ್ಪಷ್ಟ. ಯಾವ ಪಾತ್ರಕ್ಕೆ ಯಾವ ತಲೆ ಅಂತ ಅಲ್ಲೇ ಹೇಳಿದೆ. ಅವಂತಿ ದೇಶದ ಹೆಂಗಸರಿಗೆ ಗುಂಗುರು ಕೂದಲು, ಆಭೀರ ಹೆಂಗಸರಿಗೆ ಎರಡು ಜಡೆ, ವಿದೂಷಕನಿಗೆ ಬೋಳು ತಲೆ. ನಟರು ಒಂದೇ ತಲೆ ಇಟ್ಟುಕೊಂಡು ಇಷ್ಟೆಲ್ಲ ಪಾತ್ರ ಹೇಗೆ ಮಾಡಿಯಾರು? ಕಟ್ಟುಗೂದಲು ಇಲ್ಲದೆ ಆಗುವ ಕೆಲಸವಾ ಅದು?

ನೀವು ಮಂಗಳೂರಿಗೆ ಬಂದಾಗ ಕದ್ರಿಗೆ ಹೋಗಿ. ಮಂಜುನಾಥನ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಆಳುಪ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದು ಅಂತ ಅದರ ಪೀಠದಲ್ಲೇ ಬರೆದಿದೆ. ಮೂರು ಮುಖ, ಆರು ಕೈ. ಎಲ್ಲರೂ ಮುಖ ನೋಡಿ ಕೈಮುಗಿಯುತ್ತಾರೆ. ನೀವು ತಲೆಯ ಮೇಲೂ ಒಂದು ಸಲ ನೋಡಿ. ಅಲ್ಲಿ ಜಟೆಯನ್ನೇ ಮೇಲಕ್ಕೆ ಎತ್ತಿ ಕಿರೀಟದ ಹಾಗೆ ಕಟ್ಟಿದ್ದಾರೆ. ಕಾರ್ಕಳದ ಗೊಮ್ಮಟನ ತಲೆಯಲ್ಲಿ ಸಣ್ಣ ಸಣ್ಣ ಸುರುಳಿ ಇದೆ, 1432ರ ಮೂರ್ತಿ. ಆದಿನಾಥ ತೀರ್ಥಂಕರನನ್ನು ಗುರುತು ಹಿಡಿಯುವುದೇ ಭುಜದ ಮೇಲೆ ಇಳಿದ ಜಟೆಯಿಂದ. ಅದೇ ಜೈನ ಮುನಿಗಳು ತಲೆಗೂದಲನ್ನು ಕೈಯಿಂದಲೇ ಕಿತ್ತು ತೆಗೆಯುತ್ತಾರೆ. ನಮ್ಮ ಹಳೆಯ ಕಾಲದ ಮಡಿ ಅಜ್ಜಿಯರು ನೆನಪಿದ್ದಾರಾ, ಕೆಂಪು ಸೀರೆ, ಬೋಳಿಸಿದ ತಲೆ? ಎಷ್ಟೋ ಜನರಿಗೆ ಗಂಡ ಹೋದಾಗ ಮದುವೆಯ ಅರ್ಥವೂ ಗೊತ್ತಿರಲಿಲ್ಲ. ಮುನಿಗಳು ತಾವಾಗಿ ಬಿಟ್ಟದ್ದು, ಇವರಿಂದ ಊರು ಸೇರಿ ಕಿತ್ತುಕೊಂಡದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಅಂತ ನಾನು ಎಲ್ಲರ ಹತ್ತಿರವೂ ಹೇಳುತ್ತೇನೆ.

ಅತ್ತೆಯವರ ಹತ್ತಿರ ಒಂದು ಮಾತು ಕೇಳಿ ನೋಡಿ. ಅವರ ಅಮ್ಮನ ಕಾಲದಲ್ಲಿ ತಲೆ ಬಾಚುವಾಗ ಉದುರಿದ ಕೂದಲನ್ನು ಸುತ್ತಿ ಸುತ್ತಿ ಗೋಡೆಯ ಸಂದಿನಲ್ಲೋ ಡಬ್ಬಿಯಲ್ಲೋ ಇಡುವ ರೂಢಿ ಇತ್ತಾ ಅಂತ. ತುಂಬ ಮನೆಗಳಲ್ಲಿ ಇತ್ತು. ಸಾಕಷ್ಟು ಒಟ್ಟಾದ ಮೇಲೆ ಅದರಲ್ಲೇ ಚೌರಿ ಮಾಡಿಸುತ್ತಿದ್ದರು. ವಯಸ್ಸಾಗಿ ಜಡೆ ತೆಳ್ಳಗಾದಾಗ ತಮ್ಮದೇ ಎಳೆಯ ವಯಸ್ಸಿನ ಕೂದಲನ್ನು ತುರುಬಿಗೆ ಸೇರಿಸಿ ಕಟ್ಟುತ್ತಿದ್ದರು. ಇನ್ನು ಯಕ್ಷಗಾನದ ಚೌಕಿಯಲ್ಲಿ ಗಂಡಸರು ದಮಯಂತಿ, ಚಂದ್ರಮತಿ ಆಗಿ ರಂಗಕ್ಕೆ ಬರುತ್ತಿದ್ದದ್ದು ಯಾವ ಜಡೆಯಲ್ಲಿ? ಚೌರಿಯಲ್ಲೇ ಅಲ್ವಾ?

ಉದ್ದ ಜಡೆ ಎಲ್ಲರಿಗೂ ಯಾಕೆ ಬರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಮಗಳು ಬೇಜಾರು ಮಾಡಿಕೊಳ್ಳಬಾರದು. ಕೂದಲು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಒಂದೊಂದು ಕೂದಲಿಗೂ ಬೆಳೆಯುವ ಅವಧಿ ಇರುತ್ತದೆ, ಎರಡರಿಂದ ಆರೇಳು ವರ್ಷ, ಆಮೇಲೆ ಉದುರುತ್ತದೆ. ಆ ಅವಧಿ ಹುಟ್ಟಿನಿಂದಲೇ ಬಂದದ್ದು. ಮೂರು ವರ್ಷದ ಅವಧಿ ಇರುವವಳು ದಾಸವಾಳದ ಎಲೆಯ ಗೊಂಪು ಎಷ್ಟು ಹಚ್ಚಿದರೂ ಕೂದಲು ಹೊಳೆಯುತ್ತದೆ, ಸೊಂಟ ದಾಟುವುದಿಲ್ಲ. ಆದರೆ ಶಿಲ್ಪದಲ್ಲಿ, ಕಾವ್ಯದಲ್ಲಿ, ರಂಗದಲ್ಲಿ ಎಲ್ಲರಿಗೂ ಬೇಕಾದದ್ದು ಮೊಣಕಾಲು ಮುಟ್ಟುವ ಜಡೆ. ಇದರ ಇನ್ನೊಂದು ಬದಿಯನ್ನೂ ನೋಡಿ. 90 ಸೆಂಟಿಮೀಟರಿನ ಚೌರಿ ಅಂದರೆ ಯಾರೋ ಒಬ್ಬರ ತಲೆಯಲ್ಲಿ ಆರು ವರ್ಷ ಬೆಳೆದದ್ದು. ಆರು ವರ್ಷ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೂ ಮುಡಿದ ಕೂದಲು.

ಅದು ಎಲ್ಲಿಂದ ಬರುತ್ತದೆ ಅಂದರೆ, ಮುಖ್ಯವಾಗಿ ಎರಡು ದಾರಿ. ಒಂದು, ತಿರುಪತಿಯಂಥ ಕಡೆ ಕೊಟ್ಟ ಮುಡಿ. ತಿರುಮಲದಲ್ಲಿ ಅದನ್ನು ಇ-ಹರಾಜಿನಲ್ಲಿ ಮಾರುತ್ತಾರೆ. ಇನ್ನೊಂದು, ಬಾಚಣಿಗೆಗೆ ಬಂದ ಕೂದಲು. ಮನೆ ಮನೆಗೆ ಹೋಗಿ ಪಾತ್ರೆ, ಪಿನ್ನು, ದುಡ್ಡು ಕೊಟ್ಟು ಸಂಗ್ರಹಿಸುತ್ತಾರೆ. ನಮ್ಮ ರಾಜ್ಯದಲ್ಲಿ ಕೊಪ್ಪಳದ ಭಾಗ್ಯನಗರ ಇದಕ್ಕೆ ಹೆಸರುವಾಸಿ. ಅಲ್ಲಿ ಹೆಂಗಸರು ಕೂತು ಉಂಡೆ ಉಂಡೆ ಕೂದಲಿನ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ಬೇರೆ ಮಾಡುತ್ತಾರೆ. ಅಲ್ಲಿಂದ ಹೊರದೇಶಗಳಿಗೂ ಹೋಗುತ್ತದೆ. ಬೆನ್ನು ನೋಯುವ ಕೆಲಸ, ಕಣ್ಣು ಸೋಲುವ ಕೆಲಸ. ಚೌರಿಗೆ ಇಷ್ಟು ದುಡ್ಡಾ ಅಂತ ಅಂಗಡಿಯಲ್ಲಿ ಚೌಕಾಸಿ ಮಾಡುವವರನ್ನು ನೋಡಿದಾಗ ನನಗೆ ಆ ಬೆರಳುಗಳೇ ಕಣ್ಣ ಮುಂದೆ ಬರುತ್ತವೆ.

ಇನ್ನು ಕೊಳ್ಳುವ ವಿಷಯ. ಮಗಳದ್ದು ಮೊದಮೊದಲ ಕಾರ್ಯಕ್ರಮವಾದರೆ ನೈಲಾನಿನದ್ದು ಸಾಕು. ಹಗುರ ಇರುತ್ತದೆ, ಮೊಗ್ಗಿನ ಜಡೆ ಅಥವಾ ಜಡೆಬಿಲ್ಲೆ ಕಟ್ಟಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಮುಂದುವರಿಸುತ್ತಾಳೆ, ವರ್ಷಕ್ಕೆ ಹಲವು ಕಾರ್ಯಕ್ರಮ ಇರುತ್ತದೆ ಅಂತಾದರೆ ನಿಜ ಕೂದಲಿನದ್ದು ತೆಗೆದುಕೊಳ್ಳಿ. ಅದು ಅವಳ ಕೂದಲಿನ ಜೊತೆ ಸೇರಿಕೊಳ್ಳುತ್ತದೆ, ಲೈಟಿಗೆ ಪಳಪಳ ಹೊಳೆಯುವುದಿಲ್ಲ. ಸಂಶಯ ಬಂದರೆ ಒಂದು ಎಳೆ ಸುಟ್ಟು ನೋಡಿ. ನಿಜ ಕೂದಲಾದರೆ ಸುಟ್ಟ ಕೂದಲಿನದ್ದೇ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನೈಲಾನ್ ಕರಗಿ ಗಟ್ಟಿ ಗುಂಡಾಗುತ್ತದೆ. ಆಮೇಲೆ ಒಂದು ಎಳೆಯನ್ನು ಎರಡು ಬೆರಳಿನ ನಡುವೆ ಬುಡದಿಂದ ತುದಿಗೆ ಎಳೆಯಿರಿ, ನುಣುಪು. ತುದಿಯಿಂದ ಬುಡಕ್ಕೆ ಎಳೆದರೆ ಸ್ವಲ್ಪ ತಡೆಯುತ್ತದೆ. ಕೂದಲಿನ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ, ಎಲ್ಲ ತುದಿಯ ಕಡೆಗೆ ಮುಖ ಮಾಡಿ. ಒಳ್ಳೆಯ ಚೌರಿಯಲ್ಲಿ ಎಲ್ಲ ಎಳೆಯೂ ಒಂದೇ ದಿಕ್ಕಿಗೆ ಇರುತ್ತದೆ. ತಲೆಕೆಳಗಾಗಿ ಬೆರೆಸಿದ್ದರೆ ಎರಡು ಸಲ ಕಟ್ಟುವಷ್ಟರಲ್ಲಿ ಜಡ್ಡುಗಟ್ಟುತ್ತದೆ.

ಹೇನಿನ ಹೆದರಿಕೆ ಇದ್ದರೆ, ಹೇನಿಗೆ ರಕ್ತ ಬೇಕು. ತಲೆಯಿಂದ ಬೇರೆಯಾದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಬೇರೆಯವರಿಂದ ತಂದ ಚೌರಿಯಾದರೆ ತೊಳೆದು ಎರಡು ವಾರ ಹಾಗೇ ಇಟ್ಟು ಆಮೇಲೆ ಬಳಸಿ. ಉಗುರುಬೆಚ್ಚಗಿನ ನೀರಿನಲ್ಲಿ ಶಾಂಪೂ ಹಾಕಿ, ಬುಡದಿಂದ ತುದಿಗೆ ಮಾತ್ರ ಕೈಯಾಡಿಸಿ ತೊಳೆಯಿರಿ, ಉಜ್ಜಬೇಡಿ. ನೆರಳಲ್ಲಿ ನೇತು ಹಾಕಿ. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ, ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿಡಿ.

ಕೊನೆಗೆ, ಕಾರ್ಯಕ್ರಮದ ದಿನ ಕಟ್ಟುವವರಿಗೆ ಹೇಳಿ, ಕಿವಿಯ ಮೇಲೆ ಮತ್ತು ಹಣೆಯ ಅಂಚಿನಲ್ಲಿ ತೀರಾ ಬಿಗಿ ಎಳೆಯಬೇಡಿ ಅಂತ. ಅಲ್ಲಿಯ ಕೂದಲು ತೆಳ್ಳಗೆ. ಭಾರದ ಚೌರಿ, ಜಡೆಬಿಲ್ಲೆ, ಕುಚ್ಚು, ಹೂವು ಎಲ್ಲ ಸೇರಿ ಮತ್ತೆ ಮತ್ತೆ ಎಳೆದರೆ ಆ ಅಂಚಿನ ಕೂದಲು ಹಿಂದಕ್ಕೆ ಹೋಗುತ್ತದೆ, ತುಂಬ ಎಳೆತ ಬಿದ್ದರೆ ವಾಪಸ್ ಬರುವುದೂ ಇಲ್ಲ. ಮಗು ನೋಯುತ್ತದೆ ಅಂದರೆ ಸುಮ್ನೆ ಹಠ ಅಂತ ತಿಳಿಯದೆ ಬಿಚ್ಚಿ ಇನ್ನೊಮ್ಮೆ ಕಟ್ಟಿಸಿ. ಕಾರ್ಯಕ್ರಮ ಮುಗಿದ ಕೂಡಲೇ ಮೊದಲು ಜಡೆ ಬಿಚ್ಚಿ, ಫೋಟೊ ಆಮೇಲೆ ತೆಗೆದರಾಯಿತು.